ಫೈಲು ಬಂತು, ಕನ್ನಡ ಬರಲಿಲ್ಲ

ಹಾರೋಹಳ್ಳಿ ಈಗ ತಾಲ್ಲೂಕು ಕೇಂದ್ರ. ಕೈಗಾರಿಕಾ ಪ್ರದೇಶ ಬಂದು ಜಮೀನಿನ ಬೆಲೆ ಏರಿದ ಮೇಲೆ ಅಲ್ಲಿ ಕ್ರಯದ ಕರಾರು, ಪಾಲುಪತ್ರ, ವಂಶವೃಕ್ಷ, ತಹಶೀಲ್ದಾರರಿಗೆ ಅರ್ಜಿ ಎಂದು ಟೈಪಿಂಗ್ ಕೆಲಸಕ್ಕೆ ಬಿಡುವಿಲ್ಲ. ಇಂಥ ಊರಿನ ಟೈಪಿಂಗ್ ಅಂಗಡಿಯ ಹಳೇ ಕಂಪ್ಯೂಟರ್‌ನಲ್ಲಿ ಸುತ್ತಲ ಹಳ್ಳಿಗಳ ಅರ್ಧ ಇತಿಹಾಸ ಕೂತಿರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಹಳೆಯ ಯಂತ್ರಗಳಲ್ಲಿ ಅದಿಲ್ಲ. ಹಾಗಾಗಿ ಎಷ್ಟೋ ಅಂಗಡಿಗಳಲ್ಲಿ ಹೊಸ ಕಂಪ್ಯೂಟರ್ ಬಂದಿದೆ, ಹಳೆಯದು ಮೇಜಿನ ಕೆಳಗೆ ಕಾಯುತ್ತಿದೆ.

ಹಳೆಯದರ ಫೈಲುಗಳನ್ನು ಹೊಸದಕ್ಕೆ ಸಾಗಿಸುವ ಕೆಲಸ ಮೇಲ್ನೋಟಕ್ಕೆ ಸಲೀಸು. ಹಳೆಯ ಹಾರ್ಡ್ ಡಿಸ್ಕಿನೊಳಗೆ ಕಾಂತಲೇಪದ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ತಲೆ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ದೊಡ್ಡದೊಂದು ವಿಡಿಯೋ ಸರಸರನೆ ಬರುವುದು, ಅಷ್ಟೇ ತೂಕದ ಸಾವಿರಾರು ಅರ್ಜಿಗಳು ತೆವಳುವುದು ಇದೇ ಕಾರಣಕ್ಕೆ: ಚಿಕ್ಕ ಚಿಕ್ಕ ಫೈಲುಗಳು ಚೆಲ್ಲಾಪಿಲ್ಲಿಯಾಗಿರುತ್ತವೆ, ಒಂದೊಂದಕ್ಕೂ ತಲೆ ಜಾಗ ಬದಲಿಸಬೇಕು. ಡಿಸ್ಕು ಟಿಕ್ ಟಿಕ್ ಎನ್ನುತ್ತಿದ್ದರೆ ಸಿನಿಮಾ, ಹಾಡು ಎಲ್ಲ ಬದಿಗಿಟ್ಟು ದಾಖಲೆಗಳನ್ನು ಮೊದಲು ತೆಗೆಯಬೇಕು. ‘ಕಟ್’ ಬೇಡ, ‘ಕಾಪಿ’ಯೇ ಇರಲಿ, ನಡುವೆ ಕರೆಂಟು ಹೋದರೂ ಮೂಲ ಉಳಿಯುತ್ತದೆ.

ಕಾಪಿ ಮುಗಿಯಿತು. ಫೈಲುಗಳ ಸಂಖ್ಯೆ ಸರಿ, ಗಾತ್ರ ಸರಿ. ತೆರೆದು ನೋಡಿದರೆ ಕ್ರಯಪತ್ರದ ತುಂಬ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟನ್ನಿನ ಪೌಂಡ್ ಗುರುತು. ‘ವೈರಸ್ ಬಂದಿದೆ’ ಎನ್ನುವವರೇ ಹೆಚ್ಚು. ಫೈಲಿಗೆ ಏನೂ ಆಗಿಲ್ಲ. ಅದರೊಳಗೆ ಕನ್ನಡ ಮೊದಲೂ ಇರಲಿಲ್ಲ.

ಕಂಪ್ಯೂಟರ್ ಇಟ್ಟುಕೊಳ್ಳುವುದು ಸಂಖ್ಯೆಗಳನ್ನಷ್ಟೇ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಒಪ್ಪಂದ ಬೇರೆ ಇರಬೇಕು. ಕನ್ನಡ ಟೈಪ್ ಮಾಡಲು ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ ನುಗ್ಗಿತು. ಆ ದಿನಗಳ ಸಾಮಾನ್ಯ ಫಾಂಟಿಗೆ ಸಿಗುತ್ತಿದ್ದುದು ಹೆಚ್ಚೆಂದರೆ 256 ಖಾನೆ, ಅವೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲು. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಅಲ್ಲಿ ತುರುಕಲಾಗದು. ಆದ್ದರಿಂದ ಅಕ್ಷರವನ್ನು ತುಂಡು ಮಾಡಿ, ತಲೆಕಟ್ಟು ಒಂದು ಖಾನೆಗೆ, ಬುಡ ಇನ್ನೊಂದಕ್ಕೆ, ಒತ್ತು ಮತ್ತೊಂದಕ್ಕೆ ಹಾಕಿದರು. ನುಡಿಯಲ್ಲಿ ‘ಕನ್ನಡ’ ಎಂದು ಹೊಡೆದರೆ ಫೈಲಿಗೆ ಹೋಗುವುದು 80, 192, 163, 192, 223, 113, 192. ಮೂರು ಸಲ ಬರುವ 192 ತಲೆಕಟ್ಟು, 223 ನ ಒತ್ತು. ನುಡಿ ಫಾಂಟ್ ಇರುವ ಯಂತ್ರ ಈ ಏಳು ಸಂಖ್ಯೆಗಳನ್ನು ಜೋಡಿಸಿ ಕನ್ನಡ ತೋರಿಸುತ್ತದೆ. ಫಾಂಟ್ ಇಲ್ಲದ ಯಂತ್ರಕ್ಕೆ 163 ಎಂದರೆ ಪೌಂಡ್ ಗುರುತೇ. ಇಕ್ಕಟ್ಟಿನಲ್ಲಿ ಹೊಳೆದ ಜಾಣ ಉಪಾಯ ಅದು; ಅದನ್ನು ಈಗ ಬೈಯುವುದು ಅನ್ಯಾಯ.

ಆ ಫಾಂಟುಗಳು ಇರುವುದಾದರೂ ಎಲ್ಲಿ? ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ. ಜನ ಸಾಗಿಸುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡಿ ಡ್ರೈವ್ ಇಷ್ಟನ್ನೇ. ಹಳೇ ಯಂತ್ರ ಬಿಚ್ಚುವ ಮುಂಚೆ ನುಡಿ, ಬರಹ, ಶ್ರೀಲಿಪಿ, ಏನೇನಿದೆಯೋ ಆ ಫಾಂಟುಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿದರೆ ಕರಾರುಪತ್ರ ಕೂಡಲೇ ಕನ್ನಡಕ್ಕೆ ಮರಳುತ್ತದೆ. ಪೇಜ್‌ಮೇಕರ್‌ನಲ್ಲಿ ಕೂರಿಸಿದ ಕರಪತ್ರಗಳದು ಇನ್ನೂ ಫಜೀತಿ. 2001ರ 7ನೇ ಆವೃತ್ತಿಯೇ ಅದರ ಕೊನೆಯದು, ಫೋಲ್ಡರ್ ಕಾಪಿ ಮಾಡಿದ ಮಾತ್ರಕ್ಕೆ ಪ್ರೋಗ್ರಾಂ ಓಡುವುದೂ ಇಲ್ಲ. ಅಂಥವನ್ನು ಹಳೇ ಯಂತ್ರದಲ್ಲೇ ಪಿಡಿಎಫ್ ಮಾಡಿಕೊಂಡುಬಿಡುವುದು ಕ್ಷೇಮ. ಪಿಡಿಎಫ್ ಸಾಮಾನ್ಯವಾಗಿ ಫಾಂಟನ್ನು ತನ್ನೊಳಗೇ ಹೊತ್ತು ತರುತ್ತದೆ.

ಫಾಂಟ್ ಹಾಕಿದರೂ ಹುಡುಕಾಟದ ತೊಂದರೆ ತಪ್ಪದು. ಹೊಸ ಯಂತ್ರದಲ್ಲಿ ‘ಹಾರೋಹಳ್ಳಿ’ ಎಂದು ಹುಡುಕಿದರೆ ಹಳೆಯ ಪತ್ರ ಒಂದೂ ಸಿಗುವುದಿಲ್ಲ, ಏಕೆಂದರೆ ಹೊಸ ಯಂತ್ರ ಬಳಸುವುದು ಯೂನಿಕೋಡ್. ಅಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ವಂತ ಖಾನೆಗಳಿವೆ. ‘ಕನ್ನಡ’ ಅಲ್ಲಿ ಐದೇ ಸಂಖ್ಯೆ: 3221, 3240, 3277, 3240, 3233. ತಲೆಕಟ್ಟಿಗೆ ಸಂಖ್ಯೆಯೇ ಇಲ್ಲ. ನಡುವಿನ 3277 ವಿರಾಮ, ಎರಡು ನಕಾರಗಳನ್ನು ಅದೇ ಬೆಸೆಯುತ್ತದೆ. ನುಡಿ ಬರೆಯುವುದು ಕಣ್ಣಿಗೆ ಕಂಡಂತೆ, ಯೂನಿಕೋಡ್ ಬರೆಯುವುದು ಬಾಯಲ್ಲಿ ಉಚ್ಚರಿಸಿದಂತೆ.

ಹಳೆಯ ಪತ್ರಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ತಂತ್ರಾಂಶಗಳು ಇಕ್ಕಟ್ಟಿಗೆ ಸಿಲುಕುವುದು ಅರ್ಕಾವತ್ತಿನಲ್ಲಿ. ‘ಕರ್ನಾಟಕ’ ಎಂಬಲ್ಲಿ ನುಡಿ ಮೊದಲು ‘ನಾ’ ಬರೆದು ಅದರ ನಂತರ ಅರ್ಕಾವತ್ತು ಇಡುತ್ತದೆ. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ತಂತ್ರಾಂಶ ಅದನ್ನು ಎತ್ತಿ ಜಾಗ ಬದಲಿಸಬೇಕು. ಅದಕ್ಕಿಂತ ದೊಡ್ಡ ಅಪಾಯ ಎರಡು ಭಾಷೆ ಬೆರೆತ ಪತ್ರಗಳಲ್ಲಿದೆ. ಫಾಂಟ್ ನೋಡದೆ ಬರೀ ಸಂಖ್ಯೆ ನೋಡಿ ಪರಿವರ್ತಿಸುವ ತಂತ್ರಾಂಶಕ್ಕೆ ಇಂಗ್ಲಿಷಿನಲ್ಲಿದ್ದ ಕಂಪನಿಯ ಹೆಸರೂ, ಪ್ಯಾನ್ ಸಂಖ್ಯೆಯೂ ನುಡಿಯ ತುಂಡುಗಳಂತೆಯೇ ಕಂಡು ಅರ್ಥವಿಲ್ಲದ ಕನ್ನಡವಾಗುತ್ತವೆ. ಜಮೀನಿನ ಪತ್ರದಲ್ಲಿ ಇದು ತಮಾಷೆಯ ಮಾತಲ್ಲ. ಮೂಲವನ್ನು ಮುಟ್ಟದೆ ಪ್ರತಿಯನ್ನಷ್ಟೇ ಪರಿವರ್ತಿಸಿ, ಸರ್ವೆ ನಂಬರ್, ಚಕ್ಕುಬಂದಿ, ಹೆಸರುಗಳನ್ನು ಮುದ್ರಿತ ಪ್ರತಿಯೊಡನೆ ಕಣ್ಣಾರೆ ತಾಳೆ ನೋಡುವುದೊಂದೇ ದಾರಿ.

ಇಷ್ಟಾದ ಮೇಲೆ ಹಳೇ ಡಿಸ್ಕು ಗುಜರಿಗೆ ಹೋಗುತ್ತದೆ. ಅದರಲ್ಲಿ ಗಿರಾಕಿಗಳ ಆಧಾರ್ ಪ್ರತಿ, ಸಹಿ, ಭಾವಚಿತ್ರ ಎಲ್ಲವೂ ಇವೆ. ‘ಡಿಲೀಟ್’ ಒತ್ತಿದರೆ ಅಳಿಯುವುದು ವಿಳಾಸ ಮಾತ್ರ. ಕಾಂತತಟ್ಟೆಯ ಮೇಲಿನ ಮಾಹಿತಿ ಬೇರೆಯದು ಬಂದು ಕೂರುವವರೆಗೂ ಅಲ್ಲೇ ಇರುತ್ತದೆ. ‘ಕ್ವಿಕ್ ಫಾರ್ಮ್ಯಾಟ್’ ಮಾಡುವುದೂ ಸುಮಾರು ಅಷ್ಟೇ ಕೆಲಸ. ಅದರ ಎದುರಿನ ಟಿಕ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಟ್ಟರೆ ವಿಂಡೋಸ್ ಆ ಡ್ರೈವಿನ ಉದ್ದಕ್ಕೂ ಸೊನ್ನೆ ಬರೆಯುತ್ತದೆ. ಸಿ, ಡಿ ಎಂದು ಭಾಗ ಮಾಡಿದ್ದರೆ ಎರಡಕ್ಕೂ ಕೊಡಬೇಕು. ಡಿಸ್ಕು ದೊಡ್ಡದಾದಷ್ಟೂ ಹೊತ್ತು ಹಿಡಿಯುತ್ತದೆ, ರಾತ್ರಿ ಅಂಗಡಿ ಮುಚ್ಚುವಾಗ ಹಚ್ಚಿಟ್ಟು ಹೋದರೆ ಬೆಳಗ್ಗೆಗೆ ಮುಗಿದಿರುತ್ತದೆ.