ತಾತನ ಕಾಯಿಲೆ ಅಂಟುತ್ತದೆಯೇ?

“ತಾತನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತೆ. ನೆಗಡಿ ಥರ ಅದೂ ಅಂಟುತ್ತಾ ಆಂಟಿ?” ಎಂದು ಕೇಳಿದ ಯಲಹಂಕದ ನಮ್ಮ ಬೀದಿಯ ಹುಡುಗ. ಕ್ಯಾನ್ಸರ್ ವೈರಸ್‌ನಿಂದ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ತಾತ ತಮ್ಮ ಲೋಟ, ತಟ್ಟೆ ಬೇರೆ ಮಾಡಿಕೊಂಡು, ಮೊಮ್ಮಗನನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದನ್ನೂ ಬಿಟ್ಟಿದ್ದರು.

ಅಂಟುವುದಿಲ್ಲ ಮಕ್ಕಳೇ. ಆದರೆ ವೈರಸ್ಸಿನ ಅನುಮಾನ ವಿಜ್ಞಾನಿಗಳಿಗೂ ಬಂದಿತ್ತು. ಆ ಕಥೆ ಕೇಳಿ.

ಪ್ರಾಸ್ಟೇಟ್ ಎಂದರೆ ಗಂಡಸರ ಮೂತ್ರಕೋಶದ ಕೆಳಗಿರುವ, ಬೆಟ್ಟದ ನೆಲ್ಲಿಕಾಯಿಯಷ್ಟಿರುವ ಗ್ರಂಥಿ. ಇನ್ನು ಕೆಲವು ಕ್ಯಾನ್ಸರ್‌ಗಳಿಗೆ ವೈರಸ್ ಕಾರಣ ಎನ್ನುವುದು ನಿಜವೇ. 1911ರಲ್ಲಿ ಅಮೆರಿಕದ ಪೇಟನ್ ರೌಸ್ ಕೋಳಿಯ ಗೆಡ್ಡೆಯನ್ನು ಅರೆದು, ಜೀವಕೋಶಗಳು ದಾಟದಂತೆ ಸೋಸಿ, ಆ ರಸವನ್ನು ಬೇರೆ ಕೋಳಿಗೆ ಚುಚ್ಚಿದರು. ಅದಕ್ಕೂ ಗೆಡ್ಡೆ ಬಂತು! 1966ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಕಲಿಯುವವರಿಗೂ ಕೋಳಿಯ ಮ್ಯಾರೆಕ್ಸ್ ಕಾಯಿಲೆ ಗೊತ್ತು. ಅದೂ ವೈರಸ್ ತರುವ ಗೆಡ್ಡೆಯ ಕಾಯಿಲೆ. ಮನುಷ್ಯರಲ್ಲಿ ಹೆಪಟೈಟಿಸ್ ಬಿ ವೈರಸ್ ಯಕೃತ್ತಿನ ಕ್ಯಾನ್ಸರ್‌ಗೆ, ಎಚ್‌ಪಿವಿ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗಬಲ್ಲವು. ಎರಡಕ್ಕೂ ಲಸಿಕೆ ಇದೆ.

ಹಾಗಾದರೆ ಪ್ರಾಸ್ಟೇಟ್‌ಗೆ? 2006ರಲ್ಲಿ ಅಮೆರಿಕದ ರಾಬರ್ಟ್ ಸಿಲ್ವರ್‌ಮನ್, ಜೋಸೆಫ್ ಡಿರೈಸಿ ಮತ್ತು ಸಂಗಡಿಗರು ಪ್ರಾಸ್ಟೇಟ್ ಗೆಡ್ಡೆಗಳಲ್ಲಿ ‘ಎಕ್ಸ್‌ಎಂಆರ್‌ವಿ’ ಎಂಬ ಹೊಸ ವೈರಸ್ ಕಂಡೆವೆಂದರು. ದೊಡ್ಡ ಸುದ್ದಿಯಾಯಿತು. ಆದರೆ ಬೇರೆ ಹಲವರು ಹುಡುಕಿದಾಗ ಅದು ಸಿಗಲೇ ಇಲ್ಲ.

2011ರಲ್ಲಿ ಗುಟ್ಟು ಬಯಲಾಯಿತು. 1990ರ ದಶಕದಲ್ಲಿ ಸಂಶೋಧನೆಗೆಂದು ಮನುಷ್ಯರ ಗೆಡ್ಡೆಯನ್ನು ಇಲಿಗಳ ಮೈಯಲ್ಲಿ ಬೆಳೆಸಿದ್ದರು. ಆಗ ಇಲಿಗಳಲ್ಲಿದ್ದ ಎರಡು ವೈರಸ್ ತುಣುಕುಗಳು ಸೇರಿ ಈ ಹೊಸ ವೈರಸ್ ಹುಟ್ಟಿತ್ತು. ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಅಲ್ಲಿಂದಲೇ ಪರೀಕ್ಷೆಯ ಮಾದರಿಗಳಿಗೆ ಬೆರೆತಿತ್ತು! 2012ರಲ್ಲಿ ಮೊದಲು ಹುಡುಕಿದವರೇ ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿ ಇದನ್ನು ಒಪ್ಪಿಕೊಂಡರು. ಹಳೆಯ ಲೇಖನವನ್ನು ಹಿಂತೆಗೆಯಲಾಯಿತು. ನನಗೆ ಇಡೀ ಕಥೆಯಲ್ಲಿ ಹಿಡಿಸಿದ್ದು ಇದೇ: ತಾವು ಕಂಡದ್ದನ್ನು ತಾವೇ ಮತ್ತೆ ಒರೆಗೆ ಹಚ್ಚುವ ಧೈರ್ಯ.

ತಾತಂದಿರೇ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾದರೆ ನಾಚಿಕೊಳ್ಳದೆ ವೈದ್ಯರಿಗೆ ಹೇಳಿ. ಹೆಚ್ಚಿನ ಸಲ ಅದು ವಯಸ್ಸಿಗೆ ಗ್ರಂಥಿ ದೊಡ್ಡದಾದದ್ದಷ್ಟೇ. ಮೂತ್ರದಲ್ಲಿ ರಕ್ತ ಕಂಡರಂತೂ ತಡ ಮಾಡಬೇಡಿ. ಪಿಎಸ್‌ಎ ಎಂಬ ರಕ್ತಪರೀಕ್ಷೆ ಬೇಕೇ ಬೇಡವೇ ಎಂದು ಅವರನ್ನೇ ಕೇಳಿ.

ಮಕ್ಕಳೇ, ಕಾಯಿಲೆಯ ತಾತನಿಗೆ ಔಷಧಿಯಷ್ಟೇ ನಿಮ್ಮ ಒಡನಾಟವೂ ಬೇಕು. ಕೈ ಹಿಡಿದು ಕೆರೆ ಏರಿಯ ಮೇಲೆ ನಡೆಸಿಕೊಂಡು ಬನ್ನಿ. ಒಂದೇ ಪೊಟ್ಟಣದ ಕಡಲೆಕಾಯಿ ಇಬ್ಬರೂ ತಿನ್ನಿ.