ಕಡಲಾಳಕ್ಕೆ ಹಗಲಲ್ಲೂ ಟಾರ್ಚ್!

"ಹಾಡಹಗಲು ಸಮುದ್ರಕ್ಕಿಳಿಯುವವರಿಗೆ ಟಾರ್ಚ್ ಯಾಕೆ ಮಾಮಾ?" ಸ್ಕೂಬಾ ಡೈವಿಂಗ್ ಕಲಿತು, ಗಂಡನೊಂದಿಗೆ ಲಕ್ಷದ್ವೀಪಕ್ಕೆ ಹೊರಟು ನಿಂತಿದ್ದ ತಂಗಿಯ ಮಗಳ ಪ್ರಶ್ನೆಯಿದು.

ಕೇಳುವಾಗ ಸರಿಯೆನಿಸುತ್ತದೆ. ಅಲ್ಲಿನ ನೀರು ಅಷ್ಟು ತಿಳಿ. ಆದರೆ ಎಷ್ಟೇ ತಿಳಿಯಾಗಿದ್ದರೂ ನೀರು ಬಿಸಿಲಿನ ಬಣ್ಣಗಳನ್ನು ಒಂದೊಂದಾಗಿ ಹೀರಿಕೊಳ್ಳುತ್ತದೆ. ಮೊದಲು ಹೋಗುವುದೇ ಕೆಂಪು. 10 ಮೀಟರ್ ಆಳದಲ್ಲಿ ಕೆಂಪು ಹವಳವೂ ಬೂದು ನೀಲಿಯಾಗಿ ಕಾಣುತ್ತದೆ. ಹತ್ತಿರದಿಂದ ಟಾರ್ಚ್ ಬೆಳಗಿದೊಡನೆ ಅದರ ನಿಜವಾದ ಬಣ್ಣ ಮರಳುತ್ತದೆ. ಹಗಲಿಡೀ ಬಂಡೆಯ ಸಂದಿನಲ್ಲಿ ಅಡಗಿರುವ ಸಿಗಡಿ, ಹಾವುಮೀನುಗಳೂ ಕಣ್ಣಿಗೆ ಬೀಳುತ್ತವೆ. ಅಷ್ಟು ಖರ್ಚು ಮಾಡಿ ಹೋಗಿ ಬರೀ ನೀಲಿ ನೋಡಿ ಬರಬೇಕೆ?

ಹಗಲಿಗೆ ಚಿಕ್ಕದೊಂದು ಸಾಕು. ಆದರೆ ಮಳೆಗೆ ತಡೆಯುವ ಮನೆಯ ಟಾರ್ಚ್ ಇಲ್ಲಿ ನಡೆಯದು. 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು, ಹಾಗಾಗಿ ಡೈವಿಂಗ್‌ಗೆಂದೇ ತಯಾರಿಸಿದ್ದಾಗಿರಬೇಕು. ಮೊದಲ ಸಲ ಇಳಿಯುವವರಿಗಂತೂ ಬೇಡವೇ ಬೇಡ. ಅವರಿಗೆ ಉಸಿರಾಟ ಸಂಭಾಳಿಸುವುದೇ ಸಾಕಷ್ಟು ಕೆಲಸ.

ಇನ್ನೊಂದು ಮಾತು. ನೀರಿನೊಳಗೆ ಬೆಳಕನ್ನು ಅತ್ತಿಂದಿತ್ತ ಜೋರಾಗಿ ಬೀಸಿದರೆ ನೆರವು ಬೇಕೆಂದು ಅರ್ಥ. ಆಟಕ್ಕೆ ಬೀಸಿದರೆ ಜೊತೆಗಾರರು ಗಾಬರಿಯಾದಾರು!

ಅಗತ್ತಿಗೆ ವಿಮಾನ ಹತ್ತುವಾಗ ಬಿಡಿ ಲೀಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಲಿ. ಅವನ್ನು ದೊಡ್ಡ ಬ್ಯಾಗಿನಲ್ಲಿಟ್ಟು ಕೌಂಟರಿನಲ್ಲಿ ಕೊಡುವಂತಿಲ್ಲ.