ಜೋಡು ಮುಖ, ಒಂಟಿ ಪದಕ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಗರ್ಭಗುಡಿಯಲ್ಲಿ, ಶರಣರ ಸಮಾಧಿಯ ಮೇಲೆ ಕಾಣುವುದು ಎರಡು ಮುಖಗಳು. ಒಂದು ಶರಣಬಸವೇಶ್ವರರದು, ಇನ್ನೊಂದು ಅವರ ಗುರು ಕಲಕೇರಿಯ ಮರುಳಾರಾಧ್ಯರದು. ಊರವರು ಇದಕ್ಕೆ ‘ಜೋಡು ಮುಖ’ ಎನ್ನುತ್ತಾರೆ. ಗುಡಿ ಶಿಷ್ಯನದು, ತೇರು ಶಿಷ್ಯನದು, ಜಾತ್ರೆ ಶಿಷ್ಯನದು. ಕೈಮುಗಿದರೆ ಮಾತ್ರ ಇಬ್ಬರಿಗೂ ಸಲ್ಲುತ್ತದೆ.

ರಸಾಯನ ವಿಜ್ಞಾನದ ಪ್ರಯೋಗಾಲಯವೂ ನಡೆಯುವುದು ಜೋಡಿಯಾಗಿಯೇ. ಪ್ರಶ್ನೆ ಗೈಡ್‌ದು, ಫ್ಲಾಸ್ಕಿನ ಮುಂದೆ ರಾತ್ರಿ ಕಳೆಯುವ ಕಣ್ಣು ಪಿಎಚ್‌.ಡಿ. ವಿದ್ಯಾರ್ಥಿಯದು. ಪ್ರಬಂಧದಲ್ಲಿ ಇಬ್ಬರ ಹೆಸರೂ ಬರುತ್ತದೆ. ಪದಕದ ಹೊತ್ತಿಗೆ ವೇದಿಕೆಯ ಮೇಲೆ ಒಂದೇ ಕುರ್ಚಿ.

ನಮ್ಮ ದೇಶದಲ್ಲಿ ಆ ಕುರ್ಚಿಯ ಹೆಸರು ಬಹುಕಾಲ ‘ಭಟ್ನಾಗರ್’. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿಎಸ್‌ಐಆರ್) ಮೊದಲ ಮುಖ್ಯಸ್ಥ, ರಸಾಯನ ವಿಜ್ಞಾನಿ ಶಾಂತಿಸ್ವರೂಪ ಭಟ್ನಾಗರ್ ನೆನಪಿಗೆ 1957ರಲ್ಲಿ ಸ್ಥಾಪಿಸಿದ ಪ್ರಶಸ್ತಿ ಅದು. ನಂತರದ ನಿಯಮದಂತೆ ವಯಸ್ಸು 45 ದಾಟಿರಬಾರದಿತ್ತು. ಎಣಿಕೆಗೆ ಬರುತ್ತಿದ್ದುದು ಮುಖ್ಯವಾಗಿ ಭಾರತದಲ್ಲಿ ಮಾಡಿದ ಕೆಲಸ. 1958ರಲ್ಲಿ ಮೊದಲ ಪ್ರಶಸ್ತಿ ಭೌತ ವಿಜ್ಞಾನಿ ಕೆ.ಎಸ್. ಕೃಷ್ಣನ್‌ಗೆ. ಇದು ನನಗೆ ಬಲು ಇಷ್ಟವಾದ ಸಂಗತಿ. 1928ರಲ್ಲಿ ಸಿ.ವಿ. ರಾಮನ್ ಜೊತೆ ಕೂತು ಬೆಳಕಿನ ಚದುರುವಿಕೆಯನ್ನು ಕಣ್ಣಾರೆ ಕಂಡವರು ಇದೇ ಕೃಷ್ಣನ್. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು. ಮೂವತ್ತು ವರ್ಷದ ಹಿಂದಿನ ಆ ಲೆಕ್ಕ ಚುಕ್ತಾ ಆಯಿತೆಂದು ಹೇಳಲಾರೆ, ಆದರೂ ಪಟ್ಟಿಯ ತುದಿಯಲ್ಲಿ ಆ ಹೆಸರು ಕಂಡರೆ ಸಮಾಧಾನ. ರಸಾಯನ ವಿಭಾಗದ ಖಾತೆ ತೆರೆದದ್ದು 1960ರಲ್ಲಿ, ಟಿ.ಆರ್. ಗೋವಿಂದಾಚಾರಿಯವರಿಂದ.

ಭಟ್ನಾಗರ್ ಅವರ ಕಥೆಯನ್ನಂತೂ ದಾಸೋಹದ ಊರಾದ ಕಲಬುರಗಿಯಲ್ಲಿ ಹೇಳಲೇಬೇಕು. ಅಟಾಕ್ ತೈಲ ಕಂಪನಿ ಬಾವಿ ಕೊರೆಯುವಾಗ ಬಳಸುತ್ತಿದ್ದ ಕೆಸರು, ಉಪ್ಪುನೀರು ತಾಗಿದೊಡನೆ ಗಟ್ಟಿಯಾಗಿ ಕೆಲಸ ನಿಲ್ಲುತ್ತಿತ್ತು. ಲಾಹೋರಿನಲ್ಲಿದ್ದ ಭಟ್ನಾಗರ್, ಅದಕ್ಕೊಂದಿಷ್ಟು ಗೋಂದು ಬೆರೆಸಿದರೆ ಸಾಕೆಂದು ತೋರಿಸಿದರು. ಗೋಂದು ಕೆಸರನ್ನು ಹೆಪ್ಪುಗಟ್ಟಗೊಡದೆ ತೆಳುವಾಗಿಯೇ ಇಟ್ಟಿತು. ಖುಷಿಯಾದ ಕಂಪನಿಯ ಕಡೆಯವರು 1,50,000 ರೂಪಾಯಿ ಕೊಡಲು ಬಂದರು. ಆ ಕಾಲಕ್ಕೆ ಅದು ಒಬ್ಬನ ಬದುಕನ್ನೇ ಬದಲಿಸುವಷ್ಟು ಹಣ. ಅವರು ಅದನ್ನು ವಿಶ್ವವಿದ್ಯಾಲಯದ ಸಂಶೋಧನೆಗೆ ತಿರುಗಿಸಿದರು.

ಕನ್ನಡಿಗರಿಗೆ ಈ ಪಟ್ಟಿಯಲ್ಲಿ ಗೊತ್ತಿರುವ ಮುಖ ಸಿ.ಎನ್.ಆರ್. ರಾವ್ ಅವರದು. 1968ರಲ್ಲಿ ಭಟ್ನಾಗರ್, ಆಗ ವಯಸ್ಸು 34, 2014ರಲ್ಲಿ ಭಾರತರತ್ನ. (ಅವರು ಹುಟ್ಟಿದ 1934ರಲ್ಲೇ ಇತ್ತ ಕಲಬುರಗಿಯಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿತು. ಕಾಕತಾಳೀಯವೇ, ಇರಲಿ.) ಅವರ 1,500ಕ್ಕೂ ಹೆಚ್ಚು ಪ್ರಬಂಧಗಳಲ್ಲಿ ಜೊತೆಗೂಡಿದ ವಿದ್ಯಾರ್ಥಿಗಳ ಹೆಸರು ಬರೆದರೆ ಒಂದು ಸಣ್ಣ ಊರಿನ ಮತದಾರರ ಪಟ್ಟಿಯಾದೀತು. ಕಿರಿಯರನ್ನೂ ನೆನೆಯುವ ಪದಕಗಳಿವೆ. 1999ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೆಲೆಯಾಗಿಸಿಕೊಂಡು ಶುರುವಾದ ರಸಾಯನ ಸಂಶೋಧನಾ ಸಂಘ ಚಿನ್ನ, ಬೆಳ್ಳಿ, ಕಂಚಿನ ಪದಕಗಳನ್ನು ಕೊಡುತ್ತದೆ. ಕಂಚು ಕಿರಿಯರಿಗೆ. ನಾನಾಗಿದ್ದರೆ ಅದನ್ನೇ ಮೊದಲು ಕೊಡುತ್ತಿದ್ದೆ.

ಕುರ್ಚಿ ಒಂದೇ ಎಂಬ ಪದ್ಧತಿ ಈಗ ಸ್ವಲ್ಪ ಸಡಿಲಗೊಂಡಿದೆ. ಕೇಂದ್ರ ಸರ್ಕಾರದ ಹೊಸ ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳಲ್ಲಿ ‘ವಿಜ್ಞಾನ ತಂಡ’ ಎಂಬ ವಿಭಾಗವೇ ಇದೆ. 2024ರ ಆಗಸ್ಟ್‌ನಲ್ಲಿ ಅದು ಮೊದಲು ಚಂದ್ರಯಾನ-3ರ ತಂಡಕ್ಕೆ ಹೋಯಿತು. ಅಂದೇ ‘ವಿಜ್ಞಾನ ರತ್ನ’ ಪಡೆದವರು ಬೆಂಗಳೂರಿನ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್. ಭಟ್ನಾಗರ್ ಹೆಸರು ಯುವ ವಿಜ್ಞಾನಿಗಳ ವಿಭಾಗದಲ್ಲಿ ಉಳಿದುಕೊಂಡಿದೆ.

ಗುಲಬರ್ಗಾ ವಿಶ್ವವಿದ್ಯಾಲಯದ ‘ಜ್ಞಾನಗಂಗಾ’ ಆವರಣಕ್ಕೆ ಹೋದಾಗ ರಸಾಯನ ವಿಜ್ಞಾನದ ಯಾವುದಾದರೂ ಪಿಎಚ್‌.ಡಿ. ಪ್ರಬಂಧ ಕೈಗೆತ್ತಿಕೊಳ್ಳಿ. ಒಳಗಿನ ಸೂತ್ರಗಳು ಅರ್ಥವಾಗದಿದ್ದರೆ ಬಿಡಿ. ಮೊದಲಲ್ಲೇ ಕೃತಜ್ಞತೆಯ ಪುಟ ಸಿಗುತ್ತದೆ: ಮೊದಲು ಗೈಡ್, ಆಮೇಲೆ ಅಪ್ಪ ಅವ್ವ, ಕೊನೆಯ ಸಾಲಿನಲ್ಲಿ ಗಾಜಿನ ಸಾಮಾನು ತೊಳೆದಿಟ್ಟ ಲ್ಯಾಬ್ ಅಟೆಂಡರ್.